ಹಿನ್ನೀರಿನಲ್ಲಿ ಬೋಟು ಓಡಲಿ, ಆದರೆ ಈ ಸದ್ದಿಗೆ ಯಾರು ಹೊಣೆ?

ಹಿನ್ನೀರ ದಂಡೆ (ಆಲೂರು ತಾಲ್ಲೂಕು)

ಹಾಸನ, ಚಿಕ್ಕಮಗಳೂರು ಕಡೆಯವರೆಲ್ಲ ದಯವಿಟ್ಟು ಓದಿ, ನಿಮಗೆ ಅನ್ನಿಸಿದ್ದನ್ನು ಹೇಳಿ.

ನಮ್ಮೂರು ಹೇಮಾವತಿ ಹಿನ್ನೀರಿನ ದಂಡೆಯಲ್ಲಿದೆ. ಮಳೆಗಾಲ ಮುಗಿದು ನೀರು ತುಂಬಿ ನಿಂತ ಮೇಲೆ ಶನಿವಾರ ಬಂತೆಂದರೆ ಬೋಟುಗಳ ಸದ್ದು ಶುರುವಾಗುತ್ತದೆ. ಸ್ಪೀಡ್ ಬೋಟು, ದೂರದಿಂದ ಟ್ರೈಲರ್ ಮೇಲೆ ಬರುವ ಜೆಟ್ ಸ್ಕೀ (ನೀರಿನ ಮೇಲೆ ಓಡುವ ಬೈಕಿನಂಥದ್ದು), ಸ್ಪೀಕರ್ ಕಟ್ಟಿಕೊಂಡ ಪಾರ್ಟಿ ಬೋಟು. ಕೆಲವಕ್ಕೆ ಸೈಲೆನ್ಸರನ್ನೇ ತೆಗೆದಿರುತ್ತಾರೆ. ಸದ್ದು ಬರಲಿ ಅಂತಲೇ ತೆಗೆದಿರುತ್ತಾರೆ. ನೀರು ಕುಡಿಯಲು ಇಳಿದ ದನ ಬೆದರಿ ವಾಪಸ್ ಓಡುತ್ತವೆ. ಕತ್ತಲಾದ ಮೇಲೆ ಹಾಡು ಇನ್ನೂ ಜಾಸ್ತಿ.

ನನಗೆ ಬೋಟಿನ ಮೇಲೆ ಸಿಟ್ಟಿಲ್ಲ. ಊರಿಗೆ ನಾಲ್ಕು ಜನ ಬರಲಿ, ನೀರಿನ ಮೇಲೆ ಖುಷಿಯಾಗಿರಲಿ. ನನ್ನ ಸಂಕಟ ಬೇರೆ. ದೂರು ಕೊಡಲು ಹೋದರೆ ಈ ನೀರು ಯಾರಿಗೂ ಸೇರಿದ್ದಲ್ಲ ಅನ್ನುವ ಹಾಗೆ ಮಾತಾಡುತ್ತಾರೆ. ಒಂದು ಕಚೇರಿಯವರು ಇನ್ನೊಂದು ಕಚೇರಿಯ ಹೆಸರು ಹೇಳಿದರು. ಅಲ್ಲಿಗೆ ಹೋದರೆ ಮೂರನೆಯದರ ಹೆಸರು ಬಂತು. ಅರ್ಜಿ ಕೊಟ್ಟಿದ್ದಕ್ಕೆ ಸ್ವೀಕೃತಿಯ ಮುದ್ರೆ ಸಿಕ್ಕಿತು, ಅಷ್ಟೇ.

ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿಯಿತು. ಅದಕ್ಕಾಗಿ ಇಲ್ಲಿಯ ಎಷ್ಟೋ ಊರುಗಳು ಮುಳುಗಿದವು. ನಮ್ಮ ಹಿರಿಯರು ಗದ್ದೆ ಬಿಟ್ಟುಕೊಟ್ಟಿದ್ದು ಬೇಸಾಯಕ್ಕೆ, ಕುಡಿಯುವ ನೀರಿಗೆ. ಆ ನೀರಿನ ಪಕ್ಕದಲ್ಲೇ ಬದುಕುವ ನಮಗೆ ವಾರದ ಕೊನೆಯಲ್ಲಿ ಕಿವಿ ಮುಚ್ಚಿಕೊಂಡು ಕೂರುವ ಗತಿ ಬರಬಾರದು. ಇದಕ್ಕೆ ಕಾನೂನು ಇದೆಯಾ? ಇದ್ದರೆ ಜಾರಿ ಮಾಡಬೇಕಾದವರು ಯಾರು?

ಅರಕಲಗೂಡು ಹುಡುಗ (ಈಗ ಬೆಂಗಳೂರು)

ಅಣ್ಣಾ, ನಾನು ಬೋಟು ಇಟ್ಟುಕೊಂಡಿರುವವನು, ಅದಕ್ಕೇ ನೇರವಾಗಿ ಬರೆಯುತ್ತಿದ್ದೇನೆ. ವಾರವಿಡೀ ಟ್ರಾಫಿಕ್‌ನಲ್ಲಿ ಕೂತು ದುಡಿದು, ಸಾಲ ಮಾಡಿ ಬೋಟು ತಗೊಂಡೆ. ತಿಂಗಳಿಗೊಮ್ಮೆ ಊರ ಕಡೆ ಬಂದು ನೀರಿಗಿಳಿದರೆ ಜೀವ ಹಗುರಾಗುತ್ತದೆ. ನೀರು ಸರ್ಕಾರದ್ದು, ಅಂದರೆ ಎಲ್ಲರದ್ದು. ದಂಡೆಯಲ್ಲಿ ಜಮೀನಿರುವವರದ್ದು ಮಾತ್ರ ಅಲ್ಲ.

ಸದ್ದು ಅಂದರೆ ಬೋಟಿನದು ಮಾತ್ರನಾ? ಹಬ್ಬದ ಮೈಕು, ಮದುವೆ ಪಟಾಕಿ, ಗದ್ದೆಯ ಟಿಲ್ಲರು, ಕಾಫಿ ಕುಯ್ಲಿನ ಕಾಲದಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರು. ಇದಕ್ಕೆಲ್ಲ ಯಾರೂ ದೂರು ಕೊಡಲ್ಲ. ಹೊರಗಿನಿಂದ ಬಂದವನು ಖುಷಿಪಟ್ಟರೆ ಮಾತ್ರ ಕಾನೂನು ನೆನಪಾಗುತ್ತದೆ. ನಿಯಮ ಬೇಕು ಅಂದಕೂಡಲೇ ನಾಳೆ ಲೈಸೆನ್ಸ್ ಬರುತ್ತದೆ. ಲೈಸೆನ್ಸಿಗೆ ನಾಲ್ಕು ಮೇಜು ಸುತ್ತಬೇಕು. ಕೊನೆಗೆ ದುಡ್ಡಿದ್ದವನ ಬೋಟು ಓಡುತ್ತದೆ, ನನ್ನಂಥವನದು ಶೆಡ್ಡಿನಲ್ಲಿ ನಿಲ್ಲುತ್ತದೆ. ಆ ಭಯ ನನಗೆ ನಿಜವಾಗಿಯೂ ಇದೆ.

ಬಲೆ ಬುಟ್ಟಿ

ನಾವು ಹರಿಗೋಲಿನಲ್ಲಿ ಮೀನು ಹಿಡಿಯುವವರು. ಸಾಯಂಕಾಲ ಬಲೆ ಬಿಡುತ್ತೇವೆ, ಬೆಳಕು ಹರಿಯುವ ಹೊತ್ತಿಗೆ ಎಳೆಯುತ್ತೇವೆ. ಸಂಜೆ ಓಡುವ ಬೋಟಿನ ಫ್ಯಾನಿಗೆ ಬಲೆ ಸಿಕ್ಕಿದರೆ ಕತ್ತರಿಸಿ ಹೋಗುತ್ತದೆ. ಯಾರ ಬೋಟು ಅಂತ ಕೇಳುವುದು ಹೇಗೆ, ನಂಬರೇ ಇರಲ್ಲ. ಸ್ಪೀಡ್ ಬೋಟು ಪಕ್ಕದಲ್ಲಿ ಹೋದರೆ ಅಲೆ ಬಂದು ಹರಿಗೋಲು ಗಿರ್ರಂತ ತಿರುಗುತ್ತದೆ. ಈಜು ಬಂದರೂ ಮೈಮೇಲೆ ಬಲೆ ಬಿದ್ದರೆ ಈಜಲಾಗಲ್ಲ ಸಾರ್.

ಹಾಡು ಹಾಕಿಕೊಂಡವರಿಗೆ ನಾವು ಕೂಗಿದ್ದು ಕೇಳಲ್ಲ. ನಮಗೆ ಅದೇ ದೊಡ್ಡ ಭಯ.

ಕೋರ್ಟ್ ರಸ್ತೆ (ಹಾಸನ)

ಕಾನೂನು ಇದೆ, ಬೇಕಾದಷ್ಟಿದೆ. ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು 2000ದ ಶಬ್ದಮಾಲಿನ್ಯ ನಿಯಮಗಳು. ಜನವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ ಅಂದರೆ ಹತ್ತರಿಂದ ಬೆಳಗ್ಗೆ ಆರು. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ಜಾಗವನ್ನು ಸರ್ಕಾರ ನಿಶ್ಶಬ್ದ ವಲಯ ಅಂತ ಘೋಷಿಸಬಹುದು, ಅಲ್ಲಿ ಹಗಲು 50, ರಾತ್ರಿ 40. ಸ್ಪೀಕರ್ ಹಾಕಲು ಲಿಖಿತ ಅನುಮತಿ ಬೇಕು. ರಾತ್ರಿ ಹತ್ತರ ಮೇಲೆ ಬಯಲಿನಲ್ಲಿ ಹಾಕುವ ಹಾಗಿಲ್ಲ. ಪಾರ್ಟಿ ಬೋಟು ನೀರಿನ ಮೇಲಿದೆ ಅಂತ ಇದರಿಂದ ಬಿಡುಗಡೆ ಇಲ್ಲ. ಈ ನಿಯಮಗಳ ಕೆಳಗೆ ಕ್ರಮ ತಗೊಳ್ಳುವ ಅಧಿಕಾರ ಜಿಲ್ಲಾಧಿಕಾರಿಗಿದೆ, ಡಿವೈಎಸ್‌ಪಿ ಮತ್ತು ಮೇಲಿನ ದರ್ಜೆಯ ಪೊಲೀಸ್ ಅಧಿಕಾರಿಗೂ ಕೊಡಬಹುದು. ಹಾಗಾಗಿ "ನಮಗೆ ಅಧಿಕಾರ ಇಲ್ಲ" ಅಂತ ಎಲ್ಲರೂ ಹೇಳಲು ಬರಲ್ಲ.

ಎರಡನೆಯದು 2021ರ ಒಳನಾಡು ಹಡಗುಗಳ ಕಾಯ್ದೆ. 1917ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದದ್ದು ಇದು, 2022ರಲ್ಲಿ ಜಾರಿಯಾಯಿತು. ನದಿ, ಕೆರೆಯಂಥ ಒಳನಾಡಿನ ನೀರಿನಲ್ಲಿ ಎಂಜಿನ್ ಇರುವ ಬೋಟು ಓಡಬೇಕಾದರೆ ತಪಾಸಣೆ, ನೋಂದಣಿ, ವಿಮೆ ಬೇಕು. ನಂಬರ್ ಇಲ್ಲದ ಬೋಟು ಅಂತ ಮೇಲೆ ಒಬ್ಬರು ಬರೆದರಲ್ಲ, ಆ ದೂರಿಗೆ ಬುಡ ಇಲ್ಲಿದೆ.

ಮೂರನೆಯದು ಭಾರತೀಯ ನ್ಯಾಯ ಸಂಹಿತೆ. 282ನೇ ಕಲಂ ಅಜಾಗರೂಕವಾಗಿ ಬೋಟು ಓಡಿಸುವುದಕ್ಕೆ. 284 ಮಿತಿಗಿಂತ ಜಾಸ್ತಿ ಜನರನ್ನು ತುಂಬಿ, ಅಥವಾ ಸುಸ್ಥಿತಿಯಲ್ಲಿಲ್ಲದ ಬೋಟಿನಲ್ಲಿ, ಬಾಡಿಗೆಗೆ ಒಯ್ಯುವುದಕ್ಕೆ. ಸಾರ್ವಜನಿಕ ಉಪದ್ರವ 270ರಲ್ಲಿದೆ. ಇದಕ್ಕೆಲ್ಲ ಕಾಯದೆ ತಕ್ಷಣ ತಡೆ ಬೇಕಾದರೆ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಕೆಳಗೆ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಿ. ಹಳೆಯ ಸಿಆರ್‌ಪಿಸಿ 133 ಅಂದರೆ ಹಿರಿಯರಿಗೆ ನೆನಪಾಗುತ್ತದೆ.

ಸ್ವಾತಂತ್ರ್ಯದ ಮಾತು ಬಂತು. 2005ರ ಜುಲೈ 18ರಂದು ಸುಪ್ರೀಂ ಕೋರ್ಟ್ ಇದನ್ನೇ ಎದುರಿಗಿಟ್ಟುಕೊಂಡು ತೀರ್ಪು ಕೊಟ್ಟಿದೆ. ಮಾತಾಡುವ ಹಕ್ಕು ಇದೆ, ಆದರೆ ಕೇಳಲು ಇಷ್ಟವಿಲ್ಲದವನ ಕಿವಿಗೆ ಸದ್ದು ತುಂಬುವ ಹಕ್ಕು ಯಾರಿಗೂ ಇಲ್ಲ, ನೆಮ್ಮದಿಯಿಂದ ಬದುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೇ ಬರುತ್ತದೆ ಅನ್ನುವುದು ಅದರ ತಿರುಳು. ಆ ಅರ್ಜಿಯ ಹಿಂದೆ ಒಂದು ಘೋರ ಘಟನೆ ಇತ್ತು. ಅತ್ಯಾಚಾರಕ್ಕೆ ಒಳಗಾದ ಬಾಲಕಿಯ ಕೂಗು ಲೌಡ್‌ಸ್ಪೀಕರ್ ಸದ್ದಿನಲ್ಲಿ ನೆರೆಹೊರೆಗೆ ಕೇಳಿಸಲೇ ಇಲ್ಲ. ಬಲೆ ಬುಟ್ಟಿಯವರು "ನಾವು ಕೂಗಿದ್ದು ಕೇಳಲ್ಲ" ಅಂದಾಗ ನನಗೆ ಅದೇ ನೆನಪಾಯಿತು.

ಸಕಲೇಶಪುರ ಹೋಂಸ್ಟೇ

ವಕೀಲ ಸಾರ್, ಮಾಹಿತಿಗೆ ಧನ್ಯವಾದ. ನನ್ನದು ಸಣ್ಣ ಹೋಂಸ್ಟೇ. ನನ್ನ ಅತಿಥಿಗಳನ್ನು ಬೋಟಿಂಗಿಗೆ ಕಳಿಸುತ್ತೇನೆ, ಅದರಿಂದ ಊರಿನ ಹುಡುಗರಿಗೆ ಕೂಲಿ ಸಿಗುತ್ತದೆ. ಕಾಫಿ ತೋಟದ ಕೆಲಸ ವರ್ಷಪೂರ್ತಿ ಇರಲ್ಲ. ಆನೆ ಕಾಟದಿಂದ ಗದ್ದೆ ಬಿಟ್ಟವರು ನಮ್ಮ ಕಡೆ ತುಂಬಾ ಜನ ಇದ್ದಾರೆ. ಇರುವ ಒಂದು ದಾರಿಯನ್ನೂ ಮುಚ್ಚಬೇಡಿ ಅನ್ನುವುದಷ್ಟೇ ನನ್ನ ಬೇಡಿಕೆ.

ನಮ್ಮಲ್ಲಿ ಏನಾಗುತ್ತದೆ ಅಂದರೆ, ಒಂದು ಅನಾಹುತ ಆದ ತಕ್ಷಣ ಎಲ್ಲವನ್ನೂ ಬಂದ್ ಮಾಡುತ್ತಾರೆ. ಸ್ವಲ್ಪ ದಿನ ಬಿಟ್ಟು ಸದ್ದಿಲ್ಲದೆ ಶುರುವಾಗುತ್ತದೆ. ಆಗ ಲೈಫ್ ಜಾಕೆಟ್ ಇಟ್ಟು ಸರಿಯಾಗಿ ನಡೆಸುವವನು ಹೆದರಿ ಬಿಟ್ಟಿರುತ್ತಾನೆ. ಕತ್ತಲಲ್ಲಿ ಕದ್ದು ಓಡಿಸುವವನು ಉಳಿಯುತ್ತಾನೆ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜನ ಹೋದರಲ್ಲ, ಅದು ಮೀನಿನ ದೋಣಿಯನ್ನು ಪ್ರವಾಸಿ ಬೋಟಾಗಿ ಮಾಡಿ, ಮಿತಿ ಮೀರಿ ಜನ ತುಂಬಿ, ಕತ್ತಲಾದ ಮೇಲೆ ಓಡಿಸಿದ್ದು. ನಿಷೇಧ ಮಾಡಿದರೆ ಅಂಥವರ ಕೈಗೇ ನೀರನ್ನು ಕೊಟ್ಟ ಹಾಗೆ.

ಹಿನ್ನೀರ ದಂಡೆ

ಹೋಂಸ್ಟೇಯವರೇ, ನಿಮ್ಮ ಮಾತು ಒಪ್ಪುತ್ತೇನೆ. ನಾನೂ ಬಂದ್ ಕೇಳುತ್ತಿಲ್ಲ.

ಅರಕಲಗೂಡಿನ ತಮ್ಮ ಪಲ್ಪರಿನ ಮಾತು ಎತ್ತಿದ್ದಾನೆ. ಅದಕ್ಕೆ ಉತ್ತರ ಕೊಡಲೇಬೇಕು, ನ್ಯಾಯವಾದ ಪ್ರಶ್ನೆ. ಪಲ್ಪರಿಗೆ ವಿಳಾಸ ಇದೆ. ಯಾರ ಮನೆಯದು, ಯಾವ ತಿಂಗಳು, ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಲ್ಲ ಗೊತ್ತು. ಜಾಸ್ತಿಯಾದರೆ ಹೋಗಿ "ಏನಪ್ಪಾ, ಮಗು ಮಲಗಿದೆ" ಅಂದರೆ ನಿಲ್ಲಿಸುತ್ತಾನೆ, ಯಾಕೆಂದರೆ ನಾಳೆ ಅವನೂ ನಮ್ಮ ಮನೆಗೆ ಬರಬೇಕು. ಟಿಲ್ಲರೂ ಹಾಗೇ. ಹಬ್ಬದ ಮೈಕಿನ ಬಗ್ಗೆ ನಾನು ವಾದ ಮಾಡಲ್ಲ, ಅದೂ ಹತ್ತಕ್ಕೆ ನಿಲ್ಲಬೇಕು.

ಬೋಟಿಗೆ ವಿಳಾಸ ಇಲ್ಲ. ಅದು ಬರುತ್ತದೆ, ಕೂಗುತ್ತದೆ, ಇನ್ನೊಂದು ದಡಕ್ಕೆ ಹೋಗುತ್ತದೆ. ನಾನು ಯಾರ ಹತ್ತಿರ ಹೋಗಿ ಕೇಳಲಿ?

ಫಿಸಿಕ್ಸ್ ಮೇಷ್ಟ್ರು (ಚನ್ನರಾಯಪಟ್ಟಣ)

ಸದ್ದು ನೀರಿನ ಮೇಲೆ ಯಾಕೆ ಅಷ್ಟು ದೂರ ಬರುತ್ತದೆ ಅಂತ ಮಕ್ಕಳೂ ಕೇಳುತ್ತಾರೆ. ಹೊಲ, ಹುಲ್ಲು, ಮರ ಸದ್ದನ್ನು ಹೀರಿಕೊಳ್ಳುತ್ತವೆ. ನೀರಿನ ಮೇಲ್ಮೈ ಹೀರಿಕೊಳ್ಳಲ್ಲ, ವಾಪಸ್ ಎಸೆಯುತ್ತದೆ. ಸಂಜೆ ಹೊತ್ತು ಇನ್ನೊಂದು ಸೇರುತ್ತದೆ. ನೀರಿಗೆ ತಾಗಿದ ಗಾಳಿ ತಣ್ಣಗಿರುತ್ತದೆ, ಮೇಲಿನದು ಬೆಚ್ಚಗೆ. ಆಗ ಮೇಲಕ್ಕೆ ಹೋಗಬೇಕಾದ ಸದ್ದು ಬಾಗಿ ಮತ್ತೆ ಕೆಳಕ್ಕೆ ಬರುತ್ತದೆ. ಹಾಗಾಗಿ ಮಧ್ಯಾಹ್ನ ಕೇಳದ ಬೋಟು ಸಂಜೆ ಮನೆಯೊಳಗೆ ಕೇಳುತ್ತದೆ.

ಲೆಕ್ಕ ನೋಡಿ. ತೆರೆದ ಜಾಗದಲ್ಲಿ ದೂರ ಎರಡು ಪಟ್ಟಾದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. 100 ಮೀಟರಿನಲ್ಲಿ 75 ಇದ್ದರೆ, 200ರಲ್ಲಿ 69, 400ರಲ್ಲಿ 63, 800ರಲ್ಲಿ 57. ಹತ್ತಿರ ಹತ್ತಿರ ಒಂದು ಕಿಲೋಮೀಟರ್ ದೂರದಲ್ಲೂ ಹಗಲಿನ ಮಿತಿ 55ಕ್ಕಿಂತ ಮೇಲೇ ಇದೆ. 10 ಡೆಸಿಬಲ್ ಏರಿದರೆ ಕಿವಿಗೆ ಸುಮಾರು ಎರಡು ಪಟ್ಟು ಜೋರಾಗಿ ಕೇಳುತ್ತದೆ ಅನ್ನುವುದನ್ನೂ ನೆನಪಿಡಿ. ದೂರ ಹೋಗಿ ಓಡಿಸಿ ಅಂದರೆ ಸಾಲದು, ಎಂಜಿನ್ನಿನಲ್ಲೇ ಸದ್ದು ಇಳಿಯಬೇಕು.

ಔಟ್‌ಬೋರ್ಡ್ ಮೆಕ್ಯಾನಿಕ್

ಮೇಷ್ಟ್ರು ಸರಿಯಾಗಿ ಹೇಳಿದರು. ನಾನು ಬೋಟ್ ಎಂಜಿನ್ ರಿಪೇರಿ ಮಾಡುವವನು. ಮಾಮೂಲಿ ಔಟ್‌ಬೋರ್ಡ್ ಎಂಜಿನ್ನಿನಲ್ಲಿ, ಅಂದರೆ ಬೋಟಿನ ಹಿಂದೆ ಹೊರಗೆ ಕಟ್ಟುವ ಎಂಜಿನ್ನಿನಲ್ಲಿ, ಹೊಗೆ ನೀರಿನ ಕೆಳಗೆ, ಪ್ರೊಪೆಲ್ಲರ್ ಹತ್ತಿರ ಬಿಡುವ ಹಾಗೆ ಮಾಡಿರುತ್ತಾರೆ. ಅರ್ಧ ಸದ್ದನ್ನು ನೀರೇ ನುಂಗುತ್ತದೆ. ಕಂಪನಿಯಿಂದ ಬಂದ ಹಾಗೆ ಇಟ್ಟುಕೊಂಡ ಫೋರ್ ಸ್ಟ್ರೋಕ್ ಎಂಜಿನ್ ನಿಧಾನವಾಗಿ ಹೋಗುವಾಗ ಪಕ್ಕದಲ್ಲಿ ಮಾತಾಡಬಹುದು. ಕಿವಿ ಹರಿಯುವುದು ಹೊಗೆ ಪೈಪನ್ನು ನೀರಿನ ಮೇಲಕ್ಕೆ ತಂದಾಗ, ಸೈಲೆನ್ಸರ್ ಬಿಚ್ಚಿದಾಗ. ಅದಕ್ಕೆ ಖರ್ಚು ಮಾಡಿ ಮಾಡಿಸುತ್ತಾರೆ. ಬುಲೆಟ್ ಬೈಕಿಗೆ ಪೈಪ್ ಬದಲಿಸುವ ಹುಡುಗರ ಬುದ್ಧಿಯೇ ಇದು.

ಜೆಟ್ ಸ್ಕೀ ಬೇರೆ ಥರ. ಅಲೆ ಹಾರಿದಾಗ ಹಿಂಭಾಗ ನೀರಿನಿಂದ ಮೇಲೆ ಬರುತ್ತದೆ, ಎಂಜಿನ್ ಒಮ್ಮೆ ಚೀರಿ ಮತ್ತೆ ನೀರಿಗೆ ಬಿದ್ದು ಇಳಿಯುತ್ತದೆ. ಒಂದೇ ಜಾಗದಲ್ಲಿ ಸುತ್ತು ಹೊಡೆಯುತ್ತಿದ್ದರೆ ದಡದವರಿಗೆ ತಲೆ ಕೆಡುತ್ತದೆ. ಒಂದೇ ಸಮ ಬರುವ ಸದ್ದಿಗೆ ಕಿವಿ ಒಗ್ಗುತ್ತದೆ, ಏರಿಳಿಯುವ ಸದ್ದಿಗೆ ಒಗ್ಗಲ್ಲ.

ಹಳೆಯ ಕಾರ್ಬುರೇಟರ್ ಟೂ ಸ್ಟ್ರೋಕ್ ಬಗ್ಗೆ ಇನ್ನೊಂದು ಮಾತು. ಅದರಲ್ಲಿ ಪೆಟ್ರೋಲು, ಆಯಿಲ್ ಬೆರೆಸಿ ಹಾಕುತ್ತೇವೆ. ಹಾಕಿದ್ದರಲ್ಲಿ ಕಾಲು ಭಾಗದಷ್ಟು ಉರಿಯದೆ ನೇರ ನೀರಿಗೆ ಹೋಗುತ್ತದೆ. ಕುಡಿಯುವ ನೀರಿನಲ್ಲಿ ಅದನ್ನು ಓಡಿಸಲೇಬಾರದು. ನನ್ನ ಹತ್ತಿರ ಬಂದವರಿಗೆ ಇದನ್ನೇ ಹೇಳುತ್ತೇನೆ.

ಭದ್ರಾ ಹಕ್ಕಿ (ತರೀಕೆರೆ)

ನಮ್ಮ ಲಕ್ಕವಳ್ಳಿ ಕಡೆಯ ಕತೆಯನ್ನೂ ಸೇರಿಸಿ. ಭದ್ರಾ ಹಿನ್ನೀರು ಬೇಸಿಗೆಯಲ್ಲಿ ಇಳಿದಾಗ ನಡುಗಡ್ಡೆಗಳು ಏಳುತ್ತವೆ. ಅಲ್ಲಿ ರಿವರ್ ಟರ್ನ್ ಹಕ್ಕಿಗಳು ಸಾವಿರಗಟ್ಟಲೆ ಬಂದು ಮೊಟ್ಟೆ ಇಡುತ್ತವೆ. ಗೂಡು ಅಂದರೆ ಬರೀ ನೆಲದ ಮೇಲಿನ ಸಣ್ಣ ಗುಂಡಿ. ಬೋಟು ಜೋರಾಗಿ ಹತ್ತಿರ ಹೋದರೆ ಹಕ್ಕಿಗಳೆಲ್ಲ ಒಟ್ಟಿಗೆ ಏಳುತ್ತವೆ. ಆ ಬಿಸಿಲಿನಲ್ಲಿ ಮೊಟ್ಟೆ ಸುಡುತ್ತದೆ, ಕಾಗೆ ಹದ್ದು ಎತ್ತಿಕೊಂಡು ಹೋಗುತ್ತವೆ. ನೀರಿನ ಅಂಚಿನ ಗೂಡುಗಳು ಅಲೆಗೆ ತೊಳೆದು ಹೋಗುತ್ತವೆ. 2020ರಿಂದ ಈ ಹಕ್ಕಿ ಜಗತ್ತಿನ ಅಪಾಯದ ಪಟ್ಟಿಯಲ್ಲಿದೆ.

ಆದರೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿ ಅರಣ್ಯ ಇಲಾಖೆಯ ಕಣ್ಣಿದೆ. ಸಫಾರಿ ಬೋಟುಗಳು ದೂರದಲ್ಲೇ ಎಂಜಿನ್ ಇಳಿಸಿ ನಿಲ್ಲುತ್ತವೆ. ಪ್ರವಾಸಿಗರು ಕ್ಯಾಮೆರಾ ಹಿಡಿದು ಪಿಸುಮಾತಿನಲ್ಲಿ ಖುಷಿಪಡುತ್ತಾರೆ. ಸದ್ದಿಲ್ಲದೆ ಬೋಟಿಂಗ್ ಆಗಲ್ಲ ಅನ್ನುವವರು ಒಮ್ಮೆ ಬಂದು ನೋಡಿ. ಹೇಮಾವತಿಯಲ್ಲಿ ಹುಲಿ ಇಲ್ಲ ಅಂತ ಅಲ್ಲಿಯ ಜನಕ್ಕೆ, ಹಕ್ಕಿಗೆ ಆ ಮರ್ಯಾದೆ ಬೇಡವಾ?

ಅರಕಲಗೂಡು ಹುಡುಗ

ಮೆಕ್ಯಾನಿಕ್ ಅಣ್ಣ ಹೇಳಿದ್ದು ನಿಜ. ನನ್ನದು ಫೋರ್ ಸ್ಟ್ರೋಕ್, ಪೈಪ್ ಮುಟ್ಟಿಲ್ಲ. ಸೈಲೆನ್ಸರ್ ಬಿಚ್ಚಿದವರ ಜೊತೆ ನನ್ನನ್ನೂ ಸೇರಿಸಿ ಬೈದರೆ ಬೇಜಾರಾಗುತ್ತದೆ. ಸದ್ದಿಗೆ ಮಿತಿ ಹಾಕಿ, ನಾನು ಒಪ್ಪುತ್ತೇನೆ. ಆದರೆ ಬೋಟು ಅನ್ನುವುದಕ್ಕೇ ಮಿತಿ ಹಾಕಬೇಡಿ. ಬಲೆಯ ವಿಷಯದಲ್ಲಿ ಬಲೆ ಬುಟ್ಟಿಯವರಿಗೆ ಒಂದು ಪ್ರಶ್ನೆ: ಬಲೆ ಎಲ್ಲಿದೆ ಅಂತ ನಮಗೆ ನೀರಿನ ಮೇಲೆ ಗೊತ್ತಾಗುವುದು ಹೇಗೆ?

ಬಲೆ ಬುಟ್ಟಿ

ಥರ್ಮಾಕೋಲ್ ತುಂಡು, ಪ್ಲಾಸ್ಟಿಕ್ ಬಾಟ್ಲಿ ಸಾಲಾಗಿ ತೇಲುತ್ತಿದ್ದರೆ ಅದರ ಕೆಳಗೆ ಬಲೆ ಇದೆ ಅಂತ. ನಿಧಾನವಾಗಿ ಬಂದರೆ ಕಾಣುತ್ತದೆ. ಸಂಜೆ ಬಿಸಿಲು ಕಣ್ಣಿಗೆ ಹೊಡೆಯುವಾಗ ಸ್ಪೀಡಾಗಿ ಬಂದರೆ ಯಾರಿಗೂ ಕಾಣಲ್ಲ.

ನಿವೃತ್ತ ಖಾಕಿ (ಚಿಕ್ಕಮಗಳೂರು)

ನಾನು ಎರಡೂ ಜಿಲ್ಲೆಗಳಲ್ಲಿ ಕೆಲಸ ಮಾಡಿದವನು. ಠಾಣೆಯ ಕಡೆಯಿಂದ ಇದು ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ. ಇದು ನೆಪವಲ್ಲ, ನಡೆಯುವ ರೀತಿ.

112ಕ್ಕೆ ಕರೆ ಬರುತ್ತದೆ. ಗಾಡಿ ರಸ್ತೆಯಲ್ಲಿ ಸುತ್ತಿ ದಡಕ್ಕೆ ಬರುವಷ್ಟರಲ್ಲಿ ಬೋಟು ನೀರಿನ ಮಧ್ಯದಲ್ಲಿರುತ್ತದೆ, ಅಥವಾ ಹಾಡು ನಿಂತಿರುತ್ತದೆ. ಪೊಲೀಸರ ಹತ್ತಿರ ಬೋಟಿಲ್ಲ. ಸದ್ದು ಅಳೆಯುವ ಮೀಟರ್ ಇಲ್ಲ. ಹಿನ್ನೀರಿನ ಈ ದಡ ಒಂದು ಠಾಣೆಗೆ, ಆ ದಡ ಇನ್ನೊಂದು ಠಾಣೆಗೆ, ಕೆಲವು ಕಡೆ ತಾಲ್ಲೂಕೇ ಬೇರೆ. ಪೇದೆ ಏನು ಮಾಡಬೇಕು ಹೇಳಿ? ದಡದಲ್ಲಿ ನಿಂತು ಸೀಟಿ ಊದಿ ವಾಪಸ್ ಬರುತ್ತಾನೆ. ದೂರು ಕೊಟ್ಟವನಿಗೆ ಅವನ ಮೇಲೆ ಸಿಟ್ಟು. ಅವನಿಗೆ ದೂರು ಕೊಟ್ಟವನ ಮೇಲೆ ಸಿಟ್ಟು.

ಅದಕ್ಕೇ ನನ್ನ ಮಾತು ಇಷ್ಟೇ. ಬೋಟನ್ನು ನೀರಿನಲ್ಲಿ ಅಟ್ಟಿಸಿಕೊಂಡು ಹೋಗಬೇಡಿ, ನೀರಿಗೆ ಇಳಿಯುವ ಜಾಗದಲ್ಲೇ ನಿಲ್ಲಿಸಿ. ಜೆಟ್ ಸ್ಕೀ ಆಕಾಶದಿಂದ ಬರಲ್ಲ. ಟ್ರೈಲರ್ ಇಳಿಯುವಂಥ ಗಟ್ಟಿ ದಾರಿ ಬೇಕು. ಒಂದು ಹಿನ್ನೀರಿಗೆ ಅಂಥ ದಾರಿ ಹತ್ತಾರು ಇರಲ್ಲ, ಊರಿನವರಿಗೆ ಎಲ್ಲವೂ ಗೊತ್ತು. ಇಳಿಯಲು ಗೊತ್ತಾದ ಜಾಗ ಮಾತ್ರ ಬಿಡಿ. ಉಳಿದ ಕಡೆ ಟ್ರೈಲರ್ ಹೋಗದಂತೆ ಕಲ್ಲು ನೆಡಿ, ದನ, ಹರಿಗೋಲಿಗೆ ಮಾತ್ರ ದಾರಿ ಇರಲಿ. ಇಳಿಯುವ ಜಾಗದಲ್ಲಿ ಒಬ್ಬ ಮನುಷ್ಯ, ಒಂದು ಪುಸ್ತಕ, ಒಂದು ಮೀಟರ್. ನೋಂದಣಿ ಇದೆಯಾ, ಸೈಲೆನ್ಸರ್ ಇದೆಯಾ, ಎಷ್ಟು ಜನ, ಲೈಫ್ ಜಾಕೆಟ್ ಹಾಕಿದ್ದಾರಾ. ಆಗದಿದ್ದರೆ ಬೋಟು ಟ್ರೈಲರ್ ಮೇಲೇ ಉಳಿಯುತ್ತದೆ. ಕೇಸಿಲ್ಲ, ಕೋರ್ಟಿಲ್ಲ, ಜಗಳವಿಲ್ಲ.

ಬೇಲೂರಿನ ಯಗಚಿ ಅಣೆಕಟ್ಟೆಯ ಹತ್ತಿರ ಜಲಸಾಹಸ ಕೇಂದ್ರ ಇದೆ. ಟಿಕೆಟ್ ಕೊಟ್ಟು, ಜಾಕೆಟ್ ಹಾಕಿಸಿ, ಒಂದೇ ಜಾಗದಿಂದ ಬೋಟು ಬಿಡುತ್ತಾರೆ. ಜವಾಬ್ದಾರಿ ಹೊತ್ತವರು ಅಲ್ಲೇ ಸಿಗುತ್ತಾರೆ. ಹೇಮಾವತಿಗೆ ಬೇಕಾಗಿರುವುದು ಅದೇ.

ಆಲೂರಿನ ಟೀಚರ್

ಖಾಕಿ ಸಾರ್ ಹೇಳಿದ್ದು ಮನಸ್ಸಿಗೆ ಹಿಡಿಸಿತು. ಒಂದು ವಿಷಯ ಸೇರಿಸಲಾ? ಮಾರ್ಚ್ ಬಂದರೆ ಎಸ್‌ಎಸ್‌ಎಲ್‌ಸಿ ಮಕ್ಕಳು ಓದುವ ಕಾಲ. ದಂಡೆಯ ಊರುಗಳಲ್ಲಿ ಮನೆಗಳು ಚಿಕ್ಕವು, ಕಿಟಕಿ ಮುಚ್ಚಿದರೂ ಸದ್ದು ಒಳಗೇ. ನಗರದ ಮಕ್ಕಳಿಗೆ ಇರುವ ಟ್ಯೂಷನ್, ಲೈಬ್ರರಿ ಇವರಿಗಿಲ್ಲ. ಇರುವುದು ಸಂಜೆಯ ಎರಡು ಗಂಟೆ ಮಾತ್ರ. ಆ ಎರಡು ತಿಂಗಳಾದರೂ ಐದು ಗಂಟೆಗೆ ಬೋಟು ದಡಕ್ಕೆ ಬರಲಿ ಅಂತ ಬರೆಯಿರಿ ಅಣ್ಣ.

ಹಾಸನದವ, ಕ್ಯಾಲಿಫೋರ್ನಿಯಾ

ಇಲ್ಲಿ ಬೋಟಿನ ಹುಚ್ಚು ನಮ್ಮ ಊರಿಗಿಂತ ಎಷ್ಟೋ ಪಟ್ಟು. ಸ್ವಾತಂತ್ರ್ಯದ ಮಾತೂ ಜೋರು. ಆದರೂ ನಿಯಮ ನೋಡಿ. ಹೊಸ ಎಂಜಿನ್ ನಿಂತಲ್ಲಿ 88 ಡೆಸಿಬಲ್ ದಾಟಬಾರದು. ದಡದಲ್ಲಿ ನಿಂತು ಅಳೆದರೆ 75 ದಾಟಬಾರದು. ಆ ಎರಡನೆಯದು ನನಗೆ ತುಂಬಾ ಇಷ್ಟ, ಯಾಕೆಂದರೆ ಅದರಲ್ಲಿ ಅಧಿಕಾರಿ ನೀರಿಗೆ ಇಳಿಯಬೇಕಿಲ್ಲ. ದಡದ ಮನುಷ್ಯನ ಕಿವಿಗೆ ಎಷ್ಟು ಬೀಳುತ್ತದೆ ಅನ್ನುವುದೇ ಅಳತೆ.

ಬೋಟಿನ ಮೂತಿಯ ಎರಡೂ ಕಡೆ ನೋಂದಣಿ ನಂಬರ್ ಮೂರು ಇಂಚಿಗೆ ಕಡಿಮೆ ಇಲ್ಲದ ಅಕ್ಷರದಲ್ಲಿ ಇರಲೇಬೇಕು. ಟಾಹೋ ಅನ್ನುವ ದೊಡ್ಡ ಸರೋವರದಲ್ಲಿ ಕಾರ್ಬುರೇಟರ್ ಟೂ ಸ್ಟ್ರೋಕ್ ಎಂಜಿನ್ 1999ರಲ್ಲೇ ನಿಂತಿತು. ದಡದಿಂದ 600 ಅಡಿಯ ಒಳಗೆ ಅಲೆ ಏಳದ ಹಾಗೆ ನಿಧಾನ ಹೋಗಬೇಕು. ಬೋಟಿಂಗ್ ಸತ್ತು ಹೋಯಿತಾ? ಇಲ್ಲ, ಬೇಸಿಗೆಯಲ್ಲಿ ಟಾಹೋದಲ್ಲಿ ಬೋಟು ಇಳಿಸಲು ಸಾಲು ನಿಲ್ಲಬೇಕು.

ನೀರಿನ ಮಟ್ಟ

ದಡದಿಂದ 600 ಅಡಿ ಅನ್ನುವ ಲೆಕ್ಕ ನಮ್ಮ ಜಲಾಶಯಕ್ಕೆ ನೇರವಾಗಿ ಕೂರಲ್ಲ. ಟಾಹೋದ ದಡ ಹೆಚ್ಚು ಕಡಿಮೆ ಒಂದೇ ಜಾಗದಲ್ಲಿರುತ್ತದೆ. ಹೇಮಾವತಿಯ ಪೂರ್ಣ ಮಟ್ಟ 2922 ಅಡಿ, ಹಿಡಿಯುವುದು 37 ಟಿಎಂಸಿ. ಮಳೆಗಾಲದಲ್ಲಿ ತುಂಬುತ್ತದೆ, ನಾಲೆಗೆ ಬಿಡುತ್ತಾ ಹೋದ ಹಾಗೆ ಇಳಿಯುತ್ತದೆ. ಬೇಸಿಗೆಯಲ್ಲಿ ದಡ ಎಷ್ಟೋ ದೂರ ಒಳಗೆ ಹೋಗಿರುತ್ತದೆ, ಮುಳುಗಿದ್ದ ಮರದ ಬೊಡ್ಡೆ, ಹಳೆಯ ಗೋಡೆ ಮೇಲೆ ಬರುತ್ತವೆ. ಶೆಟ್ಟಿಹಳ್ಳಿ ಚರ್ಚ್ ಮಳೆಗಾಲದಲ್ಲಿ ನೀರಿನ ನಡುವೆ, ಬೇಸಿಗೆಯಲ್ಲಿ ನೆಲದ ಮೇಲೆ, ಎಲ್ಲರಿಗೂ ಗೊತ್ತಲ್ವಾ.

ಹಾಗಾಗಿ ತೇಲುವ ಗುರುತುಗಳನ್ನು ನೀರಿನ ಮಟ್ಟದ ಜೊತೆ ಜರುಗಿಸಬೇಕು. ಮಟ್ಟ ಪ್ರತಿದಿನ ಪೇಪರಿನಲ್ಲೇ ಬರುತ್ತದೆ. ನೀರು ಇಂತಿಷ್ಟು ಅಡಿಗಿಂತ ಕೆಳಗಿಳಿದರೆ ಸ್ಪೀಡ್ ಬೋಟು ಬಂದ್ ಅಂತ ಬರೆದರೆ ಸಾಕು, ಯಾವ ಅಧಿಕಾರಿಯ ಮರ್ಜಿಯೂ ಬೇಕಿಲ್ಲ. ಆಳ ಕಡಿಮೆ ಇರುವ ಕಡೆ ಬೊಡ್ಡೆಗೆ ಹೊಡೆದರೆ ಬೋಟು ಮಗುಚುತ್ತದೆ, ಸದ್ದಿನ ಮಾತು ಆಮೇಲೆ.

ಸಕಲೇಶಪುರ ಹೋಂಸ್ಟೇ

ಮಟ್ಟದ ಲೆಕ್ಕ ಒಳ್ಳೆಯದು, ಪಾರದರ್ಶಕವಾಗಿದೆ. ಇಳಿಯುವ ಜಾಗವನ್ನು ಯಾರು ನಡೆಸಬೇಕು ಅನ್ನುವುದರಲ್ಲಿ ನನಗೆ ತಕರಾರಿದೆ. ಟೆಂಡರ್ ಕರೆದು ಹೊರಗಿನ ಗುತ್ತಿಗೆದಾರನಿಗೆ ಕೊಟ್ಟರೆ ಅವನು ಎಷ್ಟು ಬೋಟು ಇಳಿದರೆ ಅಷ್ಟು ದುಡ್ಡು ಅಂತ ನೋಡುತ್ತಾನೆ, ಸೈಲೆನ್ಸರ್ ನೋಡಲ್ಲ. ಗ್ರಾಮ ಪಂಚಾಯಿತಿ ಮತ್ತು ಮೀನುಗಾರರು ಸೇರಿ ನಡೆಸಲಿ. ಶುಲ್ಕದಲ್ಲಿ ಒಂದು ಪಾಲು ಹರಿದ ಬಲೆಗೆ ಹೋಗಲಿ.

ಕೋರ್ಟ್ ರಸ್ತೆ

ನೀರು ನೀರಾವರಿ ನಿಗಮದ ವಶದಲ್ಲಿದೆ, ಆದ್ದರಿಂದ ಪಂಚಾಯಿತಿ ಒಂದೇ ನಿರ್ಧಾರ ಮಾಡಲು ಆಗಲ್ಲ. ಜಿಲ್ಲಾಧಿಕಾರಿಯ ಆದೇಶದ ಕೆಳಗೆ ಎಲ್ಲರೂ ಸೇರಬೇಕು. ಅರ್ಜಿಯನ್ನು ಅವರಿಗೇ ಬರೆಯಿರಿ. ಪ್ರತಿಗಳು ನೀರಾವರಿ, ಪೊಲೀಸ್, ಪ್ರವಾಸೋದ್ಯಮ, ಮೀನುಗಾರಿಕೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗಲಿ. ಯಾರು ಮಾಡಬೇಕು ಅನ್ನುವುದನ್ನು ಆದೇಶದಲ್ಲೇ ಹುದ್ದೆಯ ಹೆಸರಿನೊಂದಿಗೆ ಬರೆಸಿ. "ಸಂಬಂಧಪಟ್ಟ ಅಧಿಕಾರಿಗಳು" ಅಂತ ಇದ್ದರೆ ಯಾರಿಗೂ ಸಂಬಂಧ ಇರಲ್ಲ.

ಫೋನಿನ ಆಪ್‌ನಲ್ಲಿ ಅಳೆದ ಸದ್ದು ಸಾಕ್ಷಿಯಾಗಿ ನಿಲ್ಲುವುದು ಕಷ್ಟ. ಆದರೆ ಅರ್ಜಿಗೆ ಬಲ ಕೊಡುತ್ತದೆ. ದಿನಾಂಕ, ಹೊತ್ತು, ಎಲ್ಲಿ ನಿಂತು ಅಳೆದಿರಿ ಅಂತ ಬರೆದಿಡಿ. ವಿಡಿಯೋದಲ್ಲಿ ಬೋಟು ಕಾಣಲಿ. ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ ಈಗ ಜೈಲಿನ ಬದಲು ದಂಡ ಬಂದಿದೆ, ಹತ್ತು ಸಾವಿರದಿಂದ ಹದಿನೈದು ಲಕ್ಷದವರೆಗೆ. ಬೋಟು ಬಾಡಿಗೆಗೆ ಬಿಡುವವರಿಗೆ ಇದು ಗೊತ್ತಾದರೆ ಸಾಕು, ಸ್ಪೀಕರ್ ತಾನಾಗಿ ಇಳಿಯುತ್ತದೆ.

ಹಿನ್ನೀರ ದಂಡೆ

ಅರ್ಜಿ ಬರೆಯಲು ಕೂರುತ್ತೇನೆ. ಇಳಿಯುವ ಜಾಗ ಗೊತ್ತು ಮಾಡುವುದು, ದೂರದಿಂದ ಓದಲು ಬರುವ ನಂಬರ್, ಸೈಲೆನ್ಸರ್, ದಡದಿಂದ ಅಳೆಯುವ ಸದ್ದಿನ ಮಿತಿ, ಬೋಟಿನ ಮೇಲೆ ಸ್ಪೀಕರ್ ಬೇಡ. ಸಂಜೆ ಐದಕ್ಕೆ ನಿಲ್ಲಿಸುವುದನ್ನು ಟೀಚರ್ ಎರಡು ತಿಂಗಳಿಗೆ ಕೇಳಿದ್ದಾರೆ, ಬಲೆಯವರಿಗೆ ವರ್ಷಪೂರ್ತಿ ಬೇಕು. ನಾನು ವರ್ಷಪೂರ್ತಿ ಅಂತಲೇ ಬರೆಯುವವನು.

ಅರಕಲಗೂಡು ಹುಡುಗ

ಅಣ್ಣಾ, ವರ್ಷಪೂರ್ತಿ ಐದು ಗಂಟೆ ಅನ್ನುವುದನ್ನು ನಾನು ಒಪ್ಪಲ್ಲ. ಬೆಂಗಳೂರು ಬಿಟ್ಟು ಬಂದು ತಲುಪುವಷ್ಟರಲ್ಲಿ ಮಧ್ಯಾಹ್ನ ಆಗಿರುತ್ತದೆ. ಬಲೆ ಇಲ್ಲದ ಒಂದು ಭಾಗದಲ್ಲಿ ಆರೂವರೆವರೆಗೆ ಬಿಡಿ, ಅದೂ ಸೈಲೆನ್ಸರ್ ಇದ್ದವರಿಗೆ ಮಾತ್ರ. ಉಳಿದದ್ದಕ್ಕೆ ನನ್ನ ಸಹಿ ಇದೆ.

ಬಲೆ ಬುಟ್ಟಿ

ಅಣೆಕಟ್ಟಿನ ಹತ್ತಿರ ಅಲ್ಲ, ಅಲ್ಲಿ ಯಾರೂ ಹೋಗುವ ಹಾಗಿಲ್ಲ. ಮೇಲ್ಗಡೆ ನೀರು ಅಗಲವಾಗುವ ಕಡೆ ನಾವು ಬಲೆ ಬಿಡುವುದು ಕಡಿಮೆ, ಗಾಳಿ ಜಾಸ್ತಿ. ಅಲ್ಲಿ ಆಗಬಹುದು. ನಮ್ಮವರನ್ನು ಕೇಳಿ ಹೇಳುತ್ತೇನೆ. ಆರಕ್ಕೆ ಒಪ್ಪಬಹುದು, ಆರೂವರೆಗೆ ಕತ್ತಲಾಗುತ್ತದೆ.

ಅರಕಲಗೂಡು ಹುಡುಗ

ಆರು ಆಗಲಿ. ಮುಂದಿನ ಭಾನುವಾರ ಬೋಟು ತರುತ್ತೇನೆ. ಫಿಸಿಕ್ಸ್ ಮೇಷ್ಟ್ರು ಮೀಟರ್ ತರಲಿ. ಪೈಪ್ ಬದಲಿಸಿರುವ ನನ್ನ ಗೆಳೆಯನೊಬ್ಬನಿದ್ದಾನೆ, ಅವನನ್ನೂ ಒಪ್ಪಿಸಿ ಕರೆತರುತ್ತೇನೆ. ಎರಡೂ ಬೋಟನ್ನು ಒಂದೇ ದೂರದಲ್ಲಿ ಓಡಿಸಿ, ದಡದಲ್ಲಿ ನಿಂತು ಅಳೆಯೋಣ. ಆ ಎರಡು ಸಂಖ್ಯೆಯನ್ನೇ ಅರ್ಜಿಗೆ ಹಾಕಿ.